ಎಲ್ಲಿಗೂ ಇಲ್ಲದ ನಡಿಗೆ

ನಮ್ಮ ಬೈಲಹೊಂಗಲದಲ್ಲಿ ಬರಿಗೈಯಲ್ಲಿ ನಡೆಯುವವರ ಬಗ್ಗೆ ಜನರಿಗೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿಲ್ಲ. ಕೈಯಲ್ಲಿ ಒಂದು ಚೀಲ ಇರಬೇಕು, ಅದಿಲ್ಲದಿದ್ದರೆ ಮುಖದ ಮೇಲಾದರೂ ಬಸ್ಸು ತಪ್ಪೀತೆಂಬ ಗಾಬರಿ ಇರಬೇಕು. ಎರಡೂ ಇಲ್ಲದೆ ಬೆಳಗ್ಗೆ ಓಣಿಯಲ್ಲಿ ಕಾಣಿಸಿಕೊಂಡಿರೋ, ಯಾವುದಾದರೊಂದು ಕಟ್ಟೆಯ ಮೇಲಿಂದ ಪ್ರಶ್ನೆ ಬಂದೇ ಬರುತ್ತದೆ: “ಎಲ್ಲಿಗಿ ಹೊಂಟ್ರಿ?”

ಇದು ಕುತೂಹಲವಲ್ಲ, ನಮ್ಮ ಕಡೆಯ ನಮಸ್ಕಾರ. ಯಾರೂ ಕೇಳದೆ ಬಿಟ್ಟರೆ ನನಗೇ ಚಿಂತೆ ಶುರುವಾಗುತ್ತದೆ, ಏನು ತಪ್ಪಾಯಿತೋ ಎಂದು. ಆದರೆ ನಮಸ್ಕಾರಕ್ಕೆ ನಮಸ್ಕಾರ ಹೇಳಿದರೆ ಮುಗಿಯಿತು, ಈ ಪ್ರಶ್ನೆಗೆ ಒಂದು ಊರನ್ನೋ ಅಂಗಡಿಯನ್ನೋ ಉತ್ತರವಾಗಿ ಕೊಡಬೇಕು. ‘ಸುಮ್ಮನೆ’ ಎಂದರೆ ಯಾರೂ ನಂಬುವುದಿಲ್ಲ. ಸುಮ್ಮನೆ ನಡೆಯುವವನ ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಮೈಯಲ್ಲಿ ಏನೋ ಬೇನೆ ಹೊಕ್ಕಿರಬೇಕು.

ನಮ್ಮ ಮನೆಯಲ್ಲಿ ಬೇನೆಯೇ ಹೊಕ್ಕಿತ್ತು. ದೀಪಾವಳಿಯ ನಂತರ ಬರುವ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯ ಗೊಂಬೆಗಳನ್ನು ಎಲ್ಲರಿಗೂ ಹಂಚಿ, ಉಳಿದ ಆನೆ ಒಂಟೆಗಳನ್ನು ನಾವೇ ಕಡಿದು ಮುಗಿಸಿದ ವಾರದಲ್ಲೇ, ಹೆಂಡತಿ ಸುಮಂಗಲಾಳ ರಕ್ತದಲ್ಲಿಯೂ ಸಕ್ಕರೆ ಇದೆಯೆಂದು ಡಾಕ್ಟರು ಹೇಳಿದರು. “ದಿನಾ ನಡೀರಿ ಅಕ್ಕಾರ. ನಡದ್ರ ಗುಳಗಿ ಸಾಕು. ನಡೀಲಿಲ್ಲ ಅಂದ್ರ ಸಂಕ್ರಾಂತಿ ಹೊತ್ತಿಗೆ ಸೂಜಿ ಸುರು ಮಾಡಬೇಕಾಗತೈತಿ.”

ಸೂಜಿ ಎಂದರೆ ಸುಮಂಗಲಾಳಿಗೆ ಪ್ರಾಣಭಯ. ಚಿಕ್ಕಂದಿನಲ್ಲಿ ಶಾಲೆಗೆ ಸೂಜಿಯವರು ಬಂದ ದಿನ ಕಿಟಕಿ ಹಾರಿ ಓಡಿದ ಅವಳ ಕಥೆಯನ್ನು ಸವದತ್ತಿಯ ತವರಿನವರು ಇಂದಿಗೂ ಹೇಳಿ ನಗುತ್ತಾರೆ. ಆದ್ದರಿಂದ ಅವಳು ನಡೆಯಲು ಒಪ್ಪಿದಳು, ಆದರೆ ಶುಗರಿನ ಸುದ್ದಿ ಯಾರಿಗೂ ತಿಳಿಯಕೂಡದು. “ಒಬ್ರಿಗೆ ಗೊತ್ತಾದ್ರ ಸಾಕು, ನಾಳಿಂದ ನನ್ನ ತಾಟಿನ್ಯಾಗ ಏನೈತಿ ಅಂತ ಇಡೀ ಓಣಿ ಇಣುಕಿ ನೋಡತೈತಿ” ಎಂದಳು.

ಮೊದಲ ದಿನವೇ ಎದುರು ಮನೆಯ ನೀಲಕ್ಕ ಕಟ್ಟೆಯ ಮೇಲಿಂದ ಕೇಳಿದಳು. “ಕೊತಂಬ್ರಿ ತರಾಕ” ಎಂದು ಸುಮಂಗಲಾ ಬಾಯಿಗೆ ಬಂದದ್ದನ್ನು ಹೇಳಿದಳು. ಹೇಳಿದ ಮೇಲೆ ತರಲೇಬೇಕಲ್ಲ! ಮರುದಿನ ಕಡ್ಡಿಪೆಟ್ಟಿಗೆ ಬಂತು, ಆಮೇಲೆ ತೆಂಗಿನಕಾಯಿ. ನಮ್ಮ ಅಡುಗೆಮನೆ ಸಣ್ಣ ಕಿರಾಣಿ ಅಂಗಡಿಯಾಯಿತು. ಕೊನೆಗೆ ಒಂದು ದಿನ ಉಳ್ಳಾಗಡ್ಡಿ ಎಂದುಬಿಟ್ಟಳು, ಚೀಲ ಭಾರವಾಯಿತೆಂದು ಆಟೋದಲ್ಲಿ ಬಂದಳು. ಅಲ್ಲಿಗೆ ನಡಿಗೆ ನಿಂತಿತು.

ನಾನು ಇಲ್ಲಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಅದು ಸಂಬಳದ ಕೆಲಸ, ಸಂಬಳವಿಲ್ಲದೆ ಮನಸ್ಸಿಟ್ಟು ಮಾಡುವ ಕೆಲಸ ಚಿಂತೆ. ಸಂಕ್ರಾಂತಿ ಹತ್ತಿರವಾದಂತೆ ಸೂಜಿ ನನ್ನ ಕಣ್ಣಿಗೇ ಕಟ್ಟತೊಡಗಿತು. ಯಾರೂ ‘ಎಲ್ಲಿಗೆ’ ಎಂದು ಕೇಳದ ಊರಿಗೆ ಇವಳನ್ನು ಕರೆದೊಯ್ದು ನಡಿಗೆಯ ರುಚಿ ಹತ್ತಿಸಬೇಕು ಎಂದುಕೊಂಡೆ. ಕಿತ್ತೂರಿಗೆ ಹೋದರೆ ಕೋಟೆಗಿಂತ ಮೊದಲು ಅತ್ತಿಗೆ ಸಿಗುತ್ತಾರೆ. ರಾಮದುರ್ಗಕ್ಕೆ ಹೋದರೆ ಬಸ್ಸಿಳಿಯುವ ಮೊದಲೇ ಇವಳ ತಂಗಿ ಹೋಳಿಗೆಗೆ ಬೇಳೆ ಇಟ್ಟಿರುತ್ತಾಳೆ. ಹೀಗೆ ಯೋಚಿಸುತ್ತಿದ್ದಾಗ ಫೋನಿನಲ್ಲಿ ಮಂಗಳೂರಿನ ಚಳಿಗಾಲದ ಆಕರ್ಷಣೆಗಳ ಪಟ್ಟಿ ಕಂಡಿತು. ಕಡಲ ದಂಡೆಯ ಗಾಳಿಪಟ, ಬೀದಿ ಬೀದಿಯಲ್ಲಿ ನಕ್ಷತ್ರದ ದೀಪ, ಕೊನೆಯಲ್ಲಿ ‘ಮಾರ್ಗದರ್ಶಕರೊಂದಿಗೆ ಹಳೆಯ ಪೇಟೆಯ ನಡಿಗೆ’. ನಾನು ಮನೆಯಲ್ಲಿ ‘ನಡಿಗೆ’ ಎಂಬುದನ್ನು ನುಂಗಿ, “ಊರ ತೋರಸ್ತಾರಂತ” ಎಂದಷ್ಟೇ ಹೇಳಿದೆ.

ಕಡಲ ಬದಿಯ ಊರುಗಳಲ್ಲಿ ಚಳಿ ಕಡಿಮೆ ಎಂಬುದನ್ನು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತುಗಳನ್ನು ಎಳೆದು ಕಲಿಸುತ್ತೇನೆ. ಆದರೂ ಹೊರಡುವಾಗ ಎರಡು ಸ್ವೆಟರು, ಒಂದು ಕಂಬಳಿ, ಮಫ್ಲರು ತುಂಬಿಕೊಂಡೆ. ಪಾಠ ಬೇರೆ, ಶೀತ ಬೇರೆ. ಮಂಗಳೂರಿನ ಚಳಿಗಾಲವೆಂದರೆ ಫ್ಯಾನನ್ನು ಸ್ವಲ್ಪ ಮೆಲ್ಲಗೆ ತಿರುಗಿಸುವ ಕಾಲವೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ನಡಿಗೆಗೆ ಸೇರಿದವರೆಲ್ಲ ತೆಳ್ಳನೆಯ ಅಂಗಿಯಲ್ಲಿದ್ದರು. ನಾನೊಬ್ಬ ಮಫ್ಲರು ಸುತ್ತಿಕೊಂಡು, ಹಲ್ಲು ಕೀಳಿಸಿಕೊಂಡು ಬಂದವನಂತೆ ನಿಂತಿದ್ದೆ.

ನಮ್ಮನ್ನು ನಡೆಸುವವಳು ವಿನಿತಾ ಎಂಬ ಚುರುಕಾದ ಹುಡುಗಿ. ಗುರುತಿಗೆಂದು ಹಳದಿ ಕೊಡೆಯೊಂದನ್ನು ಮೇಲೆತ್ತಿ ಹಿಡಿದು, “ಬನ್ನಿ ಬನ್ನಿ, ಇಲ್ಲಿ ಸ್ವಲ್ಪ ಚಡವು ಉಂಟು, ಮೆಲ್ಲ ಹತ್ತಿ” ಎನ್ನುತ್ತ ಮುಂದೆ ಹೋದಳು. ನಾವು ಹಿಂದೆ. ನಮ್ಮ ಸೀಮೆಯಲ್ಲೂ ಜನ ಗುಂಪು ಕಟ್ಟಿ ನಡೆಯುತ್ತಾರೆ. ‘ಉಧೋ ಉಧೋ’ ಎನ್ನುತ್ತ ಎಲ್ಲಮ್ಮನ ಗುಡ್ಡಕ್ಕೆ ಎಷ್ಟೋ ಊರುಗಳಿಂದ ನಡೆದು ಬರುತ್ತಾರೆ. ಅವರ ದಾರಿಯ ಕೊನೆಯಲ್ಲಿ ದೇವಿ ಇದ್ದಾಳೆ. ಈ ದಾರಿಯ ಕೊನೆಯಲ್ಲಿ ಏನಿದೆ? ಸುಮಂಗಲಾ ಇದನ್ನೇ ಕೇಳಿಯಾಳೆಂದು ನಾನು ಹೆದರಿದ್ದೆ. ಅವಳು ಕೇಳಲಿಲ್ಲ. ಬಂದರಿನ ಓಣಿಯಲ್ಲಿ ಮೆಣಸಿನಕಾಯಿ ಚೀಲಗಳನ್ನು ಮೂಸಿ ನೋಡಿ, “ನಮ್ಮ ಕಡೀವ ಅದಾವ” ಎಂದು, ತವರಿನವರನ್ನು ಕಂಡಂತೆ ಹಿಗ್ಗಿದಳು.

ತೊಡಕು ಬಂದದ್ದು ಕೆಂಪು ಹೆಂಚಿನ ಒಂದು ಹಳೆಯ ಮನೆಯ ಮುಂದೆ. ವಿನಿತಾ ಅದರ ಕಿಟಕಿ, ಕಂಬ, ಮಾಡಿನ ಅಂಚಿನ ಕೆತ್ತನೆಯ ವಿವರ ಹೇಳುತ್ತಿದ್ದಳು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಜಗಲಿಯ ಮೇಲೆ ಮುದುಕಿಯೊಬ್ಬರು ಕುಳಿತು ನಮ್ಮನ್ನೇ ನೋಡುತ್ತಿದ್ದರು. ಸುಮಂಗಲಾ ನನ್ನ ತೋಳು ಜಗ್ಗಿದಳು.

“ಮನಿ ಮುಂದ ನಿಂತು, ಮನ್ಯಾಕಿನ್ನ ಮಾತಾಡಸಲಾರ್ದ ನೋಡೂದಂದ್ರ ಏನ್ರಿ ಇದು? ಕನ್ಯಾ ನೋಡಾಕ ಬಂದವರ ಇವರಕಿಂತ ಚೊಲೋ. ಒಳಗರ ಬರ್ತಾರ!”

ಮಾತು ಮುಗಿಯುವಷ್ಟರಲ್ಲಿ ಅವಳು ಗೇಟು ತೆರೆದಾಗಿತ್ತು.

“ಅಯ್ಯೋ ಆಂಟೀ, ಒಳಗೆ ಹೋಗುವುದು ನಮ್ಮ ಟೂರಲ್ಲಿ ಇಲ್ಲ!” ವಿನಿತಾ ಕೂಗಿದಳು. “ಹೊರಗಿನಿಂದ ಮಾತ್ರ ನೋಡುವುದು!”

“ನೀ ನೋಡವಾ. ನಾ ಮಾತಾಡಿಸಿ ಬರತೇನಿ.”

ಆ ಗೇಟಿನಿಂದ ಜಗಲಿಯವರೆಗಿನ ಸಣ್ಣ ದಾರಿಯಲ್ಲಿ ಅವಳು ನಡೆಯುತ್ತಿರುವಾಗ ನಾನು ನಾಯಿ, ಪೊಲೀಸು, ಸ್ಥಳೀಯ ಪತ್ರಿಕೆಯ ವರದಿ ಎಲ್ಲವನ್ನೂ ಕ್ರಮವಾಗಿ ಕಂಡೆ. ಮುದುಕಿ ಎದ್ದು ನಿಂತರು. ನನಗೆ ತಿಳಿಯದ ಭಾಷೆಯಲ್ಲಿ ಏನೋ ಕೇಳಿದರು. ಹಿಂದೆಯೇ ಓಡಿಹೋಗಿದ್ದ ವಿನಿತಾ ನಗು ತಡೆದುಕೊಂಡು ಹೇಳಿದಳು: “ಇಷ್ಟು ಜನ ಎಲ್ಲಿಗೆ ಹೊರಟದ್ದು ಅಂತ ಕೇಳ್ತಿದ್ದಾರೆ.”

ಸುಮಂಗಲಾಳ ಮುಖ ಅರಳಿತು. ಇಷ್ಟು ದೂರ ಬಂದ ಮೇಲೂ ಊರಿನ ಪ್ರಶ್ನೆ ಸಿಕ್ಕಿತ್ತು. ಆದರೆ ಇಲ್ಲಿ ಕೊತ್ತಂಬರಿಯ ಹಂಗಿರಲಿಲ್ಲ.

“ಎಲ್ಲಿಗೂ ಇಲ್ರೀ” ಎಂದಳು. “ನಿಮ್ಮನಿಗೇ ಬಂದೇವಿ.”

ಮುಂದಿನದೆಲ್ಲ ತಾನಾಗಿ ನಡೆಯಿತು. ಗುಂಪಿಗೆ ಗುಂಪೇ ಜಗಲಿ ಹತ್ತಿತು. ಒಳಗಿನಿಂದ ಕೆಂಪಗಿನ ಪುನರ್ಪುಳಿ ಹಣ್ಣಿನ ಶರಬತ್ತು ಬಂತು. ಲೋಟ ಕೈಗೆ ಬಂದಾಗ ಸುಮಂಗಲಾ ತಡೆದಳು. ನನ್ನ ಕಡೆ ಒಮ್ಮೆ ನೋಡಿ, ರಾಮದುರ್ಗದ ಒಡಹುಟ್ಟಿದ ತಂಗಿಗೂ ಹೇಳದಿದ್ದ ಮಾತನ್ನು ಹೆಸರು ಗೊತ್ತಿಲ್ಲದ ಆ ಮುದುಕಿಗೆ ಹೇಳಿದಳು: “ಬ್ಯಾಡ್ರಿ, ನನಗ ಶುಗರ್ ಐತಿ.”

ಈ ಒಂದು ಪದಕ್ಕೆ ಅನುವಾದ ಬೇಕಾಗಲಿಲ್ಲ. ಮುದುಕಿ ತಮ್ಮ ಎದೆಯನ್ನು ತಟ್ಟಿಕೊಂಡು ತಮಗೂ ಅದೇ ಎಂದು ತೋರಿಸಿದರು. ಆಮೇಲೆ ಹೊಟ್ಟೆಯ ಬದಿಯನ್ನು ಚಿವುಟಿ, ಬೆರಳಿನಿಂದ ಸೂಜಿ ಚುಚ್ಚಿಕೊಂಡಂತೆ ಮಾಡಿದರು.

“ನೋಯೂದಿಲ್ಲೇನ್ರಿ?” ಎಂದು ಸುಮಂಗಲಾ ಕೇಳಿದಳು.

ಮುದುಕಿ ಸೊಳ್ಳೆ ಓಡಿಸಿದಂತೆ ಕೈ ಬೀಸಿ ಗಹಗಹಿಸಿ ನಕ್ಕರು. ಭೂಗೋಳವನ್ನೂ ವಿಜ್ಞಾನವನ್ನೂ ಬೆರೆಸಿ ನಾನು ಹೇಳಿದ ಧೈರ್ಯವೆಲ್ಲ ಮಾಡಲಾಗದ್ದನ್ನು ಆ ನಗು ಮಾಡಿತು. ಸುಮಂಗಲಾಳೂ ನಕ್ಕಳು.

ಅಲ್ಲಿಂದ ಮುಂದೆ ಅವಳು ಯಾವ ಜಗಲಿಯನ್ನೂ ಬಿಡಲಿಲ್ಲ. ಹಳದಿ ಕೊಡೆ ಮುಂದೆ ಹೋಗಿ, ಮತ್ತೆ ಹಿಂದೆ ಬಂದು, ಅವಳ ಬೆನ್ನು ಹತ್ತಿತು. ಹೊಳೆ ಕಡಲು ಕೂಡುವಲ್ಲಿಗೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. “ಇವತ್ತು ನಾವು ಎರಡು ಟೂರಿನಷ್ಟು ನಡೆದೆವು ಮಾರ್ರೆ” ಎಂದು ವಿನಿತಾ ನನ್ನೊಬ್ಬನಿಗೇ ಕೇಳುವಂತೆ ಹೇಳಿದಳು. ನಾನು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ನಡೆದೆನೆಂದು ಗೊತ್ತಾದರೆ ಇವಳಿಗೆ ಕಾಲು ನೋವು ಶುರುವಾದೀತು!

ಊರಿಗೆ ಮರಳಿದ ಮೇಲೆ ನನ್ನ ಚಿಂತೆಯೂ ಮರಳಿತು. ಇಲ್ಲಿ ಕೊಡೆ ಹಿಡಿಯುವವರು ಯಾರು? ಮರುದಿನ ಬೆಳಗ್ಗೆ ಸುಮಂಗಲಾ ಹೊಸಿಲು ದಾಟಿದಳು. ನಾನು ಹಿಂದೆ.

“ಎಲ್ಲಿಗಿ ಹೊಂಟ್ರಿ ಸುಮಕ್ಕಾ?” ನೀಲಕ್ಕ ಕೇಳಿದಳು.

“ಎಲ್ಲಿಗೂ ಇಲ್ಲವ್ವಾ, ನಿಮ್ಮನಿಗೇ.”

ನೀಲಕ್ಕ ಇಷ್ಟು ವರ್ಷ ಈ ಪ್ರಶ್ನೆ ಕೇಳಿದ್ದಳೇ ಹೊರತು ಇಂಥ ಉತ್ತರ ಕೇಳಿರಲಿಲ್ಲ. ಗಡಬಡಿಸಿ ಒಳಗೆ ಕರೆದು ಚಹಾಕ್ಕೆ ನೀರಿಟ್ಟಳು. ಸುಮಂಗಲಾ ಒಲೆಯ ಬಳಿಗೇ ಹೋಗಿ, “ನನಗ ಸಕ್ರಿ ಹಾಕಬ್ಯಾಡ, ಶುಗರ್ ಐತಿ” ಎಂದಳು. ಹೊರಗೆ ಕಟ್ಟೆಯ ಮೇಲಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಒಳಗೆ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿದ ಸದ್ದಾಯಿತು. ಆಮೇಲೆ ನೀಲಕ್ಕನ ದನಿ ತಗ್ಗಿ ಬಂತು: “ನನಗೂ ಐತ್ರೀ ಅಕ್ಕಾ. ಯಾರ ಮುಂದೂ ಅನಬ್ಯಾಡ್ರಿ ಮತ್ತ.”

ಆಮೇಲೆ ಸುಮಂಗಲಾಳ ಸವಾರಿ ಓಣಿ ದಾಟಿತು, ಪೇಟೆ ದಾಟಿತು, ಊರ ಆ ತುದಿಯ ಹೊಸ ಬಡಾವಣೆಯನ್ನೂ ಮುಟ್ಟಿತು. ಮನೆ ಮನೆಯಲ್ಲೂ ಸಕ್ಕರೆ ಇಲ್ಲದ ಚಹಾ, ಮನೆ ಮನೆಯಲ್ಲೂ ‘ಯಾರ ಮುಂದೂ ಅನಬ್ಯಾಡ್ರಿ’. ಊರಿನ ಅರ್ಧ ಜನ ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಕುಳಿತಿದ್ದರು. ಹಿಂದೆ ಹಿಂದೆ ನಡೆದು ನನ್ನ ಮೊಣಕಾಲುಗಳು ಹಿಡಿದುಕೊಂಡವು. ಚಿಂತೆಗೆ ಹೊಸ ವಿಷಯ ಸಿಕ್ಕಿತು.

ಸಂಕ್ರಾಂತಿಯ ಮುಂಚೆ ಡಾಕ್ಟರ ಬಳಿಗೆ ಹೋದೆವು. ರಿಪೋರ್ಟು ನೋಡಿದ ಅವರ ಹುಬ್ಬು ಮೇಲೇರಿತು. “ಭಾಳ ಚೊಲೋ ಆಗೈತಲ್ರಿ ಅಕ್ಕಾರ! ದಿನಾ ಎಷ್ಟ ನಡೀತೀರಿ?”

ಸುಮಂಗಲಾಳಿಗೆ ಸಿಟ್ಟೇ ಬಂತು. “ನಡ್ಯಾಕ ನನಗ ಪುರಸೊತ್ತ ಎಲ್ಲೈತ್ರಿ? ನಾಕು ಮಂದೀನ್ನ ಮಾತಾಡಿಸಿ ಬರೂದ್ರಾಗ ಹೊತ್ತ ಏರಿರತೈತಿ. ಆ ವಾಕಿಂಗ್ ಗೀಕಿಂಗ್ ನನ್ನಿಂದ ಆಗೂದಲ್ಲ ಬಿಡ್ರಿ.”

ಡಾಕ್ಟರು ರಿಪೋರ್ಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಹಲ್ಲಿಯನ್ನು ನೋಡಿದೆ.

“ಸೂಜಿ ಸದ್ಯೇಕ ಬ್ಯಾಡ” ಎಂದು ಅವರು ಗಂಭೀರವಾಗಿ ಹೇಳಿದರು. “ವಾಕಿಂಗ್ ಆಗೂದಲ್ಲ ಅಂತೀರಲ್ಲ ಅಕ್ಕಾರ, ಅದನ್ನ ಹಿಂಗ ದಿನಾ ತಪ್ಪದ ಮಾಡಲಾರ್ದ ಇರ್ರಿ.”