ಇಂಜಿನ್ ನೆತ್ತಿಗೆ ಹರಳೆಣ್ಣೆ

ಹರಳೆಣ್ಣೆ ಕಾಯಿಸಿದ ವಾಸನೆಗೆ ಬೇರೆಯವರಿಗೆ ಎಣ್ಣೆಸ್ನಾನ ನೆನಪಾಗುತ್ತದೋ ಏನೋ, ನನಗೆ ಮಾತ್ರ ನಮ್ಮ ದೊಡ್ಡಪ್ಪನ ಬಿಳಿ ಕಾರೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕೂಟಗಲ್ಲಿನ ಆ ಹೆಂಚಿನ ಮನೆ ಈಗಿಲ್ಲ. ರೇಷ್ಮೆಹುಳು ಸರಸರ ಸೊಪ್ಪು ಮೇಯುತ್ತಿದ್ದ ಆ ನಡುಮನೆಯೂ ಇಲ್ಲ. ಅಂಗಳದ ಚಪ್ಪರದಡಿ ಬೆಳಗ್ಗೆ ಬೆಳಗ್ಗೆಯೇ ಬಾನೆಟ್ ಎತ್ತಿ ಬಗ್ಗಿ ನಿಂತಿರುತ್ತಿದ್ದ ದೊಡ್ಡಪ್ಪನ ಬೆನ್ನು ಮಾತ್ರ ಇನ್ನೂ ಕಾಣುತ್ತದೆ. ದಿನಾ ರೇಡಿಯೇಟರಿನ ನೀರು ನೋಡಬೇಕು, ಕಡ್ಡಿ ಎಳೆದು ಆಯಿಲ್ ನೋಡಬೇಕು, ಬೆರಳಿಗೆ ಸವರಿ ಮೂಸಬೇಕು. "ಸರ್ಯಾಗಿ ನೋಡ್ಕಂಡ್ರೆ ಇಂಜಿನ್ನು ನಮ್ಗಿಂತ ಜಾಸ್ತಿ ಬಾಳ್ತದೆ ಕಣವ್ವ" ಅನ್ನುತ್ತಿದ್ದ.

ಅಷ್ಟೊಂದು ಆರೈಕೆ ಯಾಕಪ್ಪಾ ಅಂದರೆ, ದೊಡ್ಡಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಗೌರಿಹಬ್ಬಕ್ಕೆ ಮಾಗಡಿಗೆ ಹೋಗಿ ಹೆತ್ತವ್ವನ ಮುಖ ನೋಡಬೇಕಾದರೆ ಅವಳಿಗೆ ಈ ಕಾರೊಂದೇ ಗತಿ. ಹೊರಡುವ ದಿನ ದೊಡ್ಡಪ್ಪ ಸ್ಟಾರ್ಟ್ ಮಾಡಿ ಕೂತರೆ, ದೊಡ್ಡಮ್ಮ ಒಳಗಿಂದ "ಬಂದೇ, ಬಂದೇ" ಅನ್ನುವುದು, ಬರದೇ ಇರುವುದು. ನೆರಿಗೆ ಸರಿಯಿಲ್ಲ, ಹೂವು ಸಾಲದು, ಅವ್ವನಿಗೆ ಕಟ್ಟಿದ ಕಜ್ಜಾಯ ಮರೆತೆ. ನಾವು ಹಾರ್ನ್ ಒತ್ತಲು ಹೋದರೆ ದೊಡ್ಡಪ್ಪ ಕೈ ತಡೆಯುತ್ತಿದ್ದ. "ಇರ್ಲಿ ಬುಡ್ರಲಾ, ಇಂಜಿನ್ನು ಒಸಿ ಬಿಸಿಯಾಗ್ಲಿ. ಅದ್ಕೇ ಒಳ್ಳೇದು." ಬೇರೆ ಯಾರಾದರೂ ತಡ ಮಾಡಿದ್ದರೆ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದ ಮನುಷ್ಯ!

ಒಂದು ವರ್ಷ ಹಬ್ಬ ಹತ್ತಿರ ಬಂದಾಗ ಕಾರು ಕಾದು ಕೆಂಡವಾಗಿ, ರಾಮನಗರದಿಂದ ಬರುವ ದಾರಿಯಲ್ಲೇ ಬುಸ್ಸೆಂದು ಆವಿ ಬಿಟ್ಟು ನಿಂತಿತು. ಹೇಗೋ ಮನೆ ಸೇರಿಸಿದ ದೊಡ್ಡಪ್ಪ "ಈ ಸಲ ಮಾಗಡಿ ಅನುಮಾನ" ಅಂದುಬಿಟ್ಟ. ಅಲ್ಲಿ ನೋಡಿದರೆ ಅವ್ವ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂದಿತ್ತು. ದೊಡ್ಡಮ್ಮ ಅವತ್ತು ಊಟ ಮುಟ್ಟಲಿಲ್ಲ. ಮಾರನೇ ಬೆಳಗ್ಗೆ ದೊಡ್ಡಪ್ಪ ಬಾನೆಟ್ ಎತ್ತಿದರೆ, ಅಬ್ಬಬ್ಬಾ, ಹರಳೆಣ್ಣೆ ಘಾಟು!

"ಏನೇ ಇದು?"

"ಅದ್ಕೂ ಉಷ್ಣ ಆಗೈತೆ ಕಣ್ರೀ. ತಂಪಾಗ್ಲಿ ಅಂತ ನೆತ್ತಿ ಮೇಲಿನ ಮುಚ್ಚಳ ತೆಗ್ದು ಒಸಿ ಎಣ್ಣೆ ಬುಟ್ಟೆ."

"ಒಸಿ ಅಂದ್ರೆ?"

"ಒಂದ್ ಚೊಂಬು."

ದೊಡ್ಡಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಇನ್ನೇನು ಬೈದ ಅಂದುಕೊಂಡರೆ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಸದ್ಯ, ಸೀಗೇಪುಡಿ ಹಾಕಿ ಉಜ್ಜಲಿಲ್ವಲ್ಲ, ಬದುಕ್ದೆ!" ಇಡೀ ದಿನ ಕಾರಿನಡಿ ಮಲಗಿ ಆ ಎಣ್ಣೆಯನ್ನೆಲ್ಲ ಇಳಿಸಿ ಹೊಸ ಆಯಿಲ್ ಹಾಕಿದ. ಹಾಗೆ ತಡಕುವಾಗಲೇ ಸೋರುತ್ತಿದ್ದ ನೀರಿನ ಪೈಪು ಕೈಗೆ ಸಿಕ್ಕಿತು. ಇಂಜಿನ್ ಕಾಯುತ್ತಿದ್ದುದಕ್ಕೆ ಕಾರಣ ಅದೇ. ಅದನ್ನು ಬದಲಿಸಿ ಹಬ್ಬದ ದಿನ ಹೊರಟೇ ಬಿಟ್ಟೆವು. ಅವ್ವ ಎದ್ದು ಕೂತು ಮಗಳ ಕೈಯಿಂದ ಕಜ್ಜಾಯ ತಿಂದಳು. ಹೋಗುವಾಗ, ಬರುವಾಗ ದಾರಿಯುದ್ದಕ್ಕೂ ದೊಡ್ಡಮ್ಮ "ನನ್ನೆಣ್ಣೆಯಿಂದ್ಲೇ ಸರಿಹೋಗಿದ್ದು" ಅಂದದ್ದೇ ಅಂದದ್ದು, ದೊಡ್ಡಪ್ಪ "ಹೂಂ ಕಣೇ" ಅಂದದ್ದೇ ಅಂದದ್ದು.

ಈಗ ಇಬ್ಬರೂ ಇಲ್ಲ. ದೊಡ್ಡಪ್ಪ ಹೇಳಿದಂತೆಯೇ ಇಂಜಿನ್ನು ಅವರಿಗಿಂತ ಜಾಸ್ತಿ ಬಾಳಿತು. ಕಾರು ಚನ್ನಪಟ್ಟಣದ ನನ್ನ ಮನೆ ಮುಂದೆ ನಿಂತಿದೆ. ಇಷ್ಟು ಹಳೇ ಇಂಜಿನ್ ಹೇಗೆ ಉಳಿಸಿಕೊಂಡಿದ್ದೀರಿ ಅಂತ ಕೇಳಿದವರಿಗೆ ಆಯಿಲು, ನೀರು ಅಂತ ಹೇಳಿ ಕಳಿಸುತ್ತೇನೆ. ಹೊರಡುವ ಮುಂಚೆ ಸ್ಟಾರ್ಟ್ ಮಾಡಿ, ಒಸಿ ಬಿಸಿಯಾಗಲಿ ಅಂತ ಸುಮ್ಮನೆ ಕೂರುತ್ತೇನೆ. ಇಂಜಿನ್ನೇನೋ ಬಿಸಿಯಾಗುತ್ತದೆ. ಒಳಗಿಂದ "ಬಂದೇ" ಅಂತ ಮಾತ್ರ ಯಾರೂ ಕೂಗುವುದಿಲ್ಲ.