ಅಕ್ಕನ ಪಾಲಿನ ಬರ್ಗರು

ಬರ್ಗರನ್ನು ಮೊದಲ ಸಲ ಕೈಗೆತ್ತಿಕೊಂಡವನಿಗೆ ಅದನ್ನು ಎಲ್ಲಿಂದ ಶುರು ಮಾಡಬೇಕೆಂಬುದೇ ದೊಡ್ಡ ಜಿಜ್ಞಾಸೆ. ದೋಸೆಗಾದರೆ ಅಂಚಿದೆ, ಕಡುಬಿಗಾದರೆ ಮೂಲೆಯಿದೆ. ಇದು ಸುತ್ತಲೂ ಒಂದೇ ಸಮ ಉಬ್ಬಿಕೊಂಡು, ಬಾಯಿ ಎಷ್ಟು ಅಗಲಿಸಿದರೂ ಇನ್ನೊಂದು ಬೆರಳಷ್ಟು ಹೆಚ್ಚೇ ಇರುತ್ತದೆ. ಐವತ್ತೆರಡನೆಯ ವಯಸ್ಸಿನಲ್ಲಿ ಹಾಸನದ ಬೈಪಾಸ್ ಪಕ್ಕದ ಬ್ರೂ ಪಬ್ಬಿನಲ್ಲಿ ಕೂತು ನಾನು ಇಂಥ ಚಿಂತನೆಯಲ್ಲಿ ಮುಳುಗಿದ್ದೆನೆಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ.

ನನ್ನವಳು ತವರಿಗೆ ಹೋಗಿದ್ದ ವಾರ ಬಾಗೂರಿನಿಂದ ಜಯಕ್ಕ ಬಂದಿದ್ದಳು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಈ ಅಕ್ಕನಿಗೆ ಹದಿನೈದು. ಅಂದಿನಿಂದ ನನ್ನ ಹೊಟ್ಟೆಯ ಜವಾಬ್ದಾರಿಯನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ನಮ್ಮ ಕಡೆ ಹೆಂಗಸರು ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಒಳಗೆಲ್ಲೋ ಕೂತು ಉಣ್ಣುವುದು ರೂಢಿ. ಅಕ್ಕನ ತಟ್ಟೆ ತೊಳೆದು ಬೋರಲು ಹಾಕಿದ್ದನ್ನು ಕಂಡಿದ್ದೇನೆಯೇ ಹೊರತು ಅದರಲ್ಲಿ ಅನ್ನವಿದ್ದದ್ದನ್ನು ಕಂಡ ನೆನಪಿಲ್ಲ. ಒಂದು ದಿನವಾದರೂ ಅವಳು ನನ್ನೆದುರು ಕೂತು ಬಿಸಿಬಿಸಿಯಾಗಿ ತಿನ್ನುವುದನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಅಂದೂ ಚೀಲ ಇಳಿಸಿದವಳೇ ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ನಡೆದಳು. ಅವಳ ಕೈಗೆ ಅಡುಗೆಮನೆಯೇ ಎಟುಕದ ಕಡೆ ಕರೆದೊಯ್ಯಬೇಕೆಂದು ನಿಶ್ಚಯಿಸಿದೆ. ಜಾಗ ಆರಿಸಿದ್ದು ಮಗಳು ಸಿಂಚನ.

ಗಾಜಿನ ಗೋಡೆಯ ಆಚೆ ಬಿಯರು ತಯಾರಿಸುವ ತಾಮ್ರದ ದೊಡ್ಡ ಹಂಡೆಗಳನ್ನು ನೋಡಿ ಅಕ್ಕ, "ಈಟೊಂದು ಜನಕ್ಕೆ ನೀರು ಕಾಯಿಸ್ತಾರೇನ್ಲಾ ಇಲ್ಲಿ?" ಎಂದಳು. ವಿಷಯ ತಿಳಿದ ಮೇಲೂ ಬೆಚ್ಚಲಿಲ್ಲ. ಮೂಗೆಳೆದು, "ಮೊಳಕೆ ಕಟ್ಟಿದ ರಾಗಿ ವಾಸ್ನೆ ಬತ್ತಾದೆ" ಎಂದು ನಿರಾಳವಾಗಿ ಕೂತಳು. ಶನಿವಾರವಾದ್ದರಿಂದ ತರಕಾರಿಯದನ್ನೇ ಹೇಳಿದೆವು. ಮೂರು ತಟ್ಟೆ ಒಟ್ಟಿಗೇ ಬಂದವು. ಗೆದ್ದೆ ಎಂದುಕೊಂಡೆ.

ಎಲ್ಲಿಯ ಗೆಲುವು. ಅಕ್ಕ ತನ್ನ ಬರ್ಗರಿನ ಮೇಲಿನ ಬನ್ನನ್ನು ಪಾತ್ರೆಯ ಮುಚ್ಚಳದ ಹಾಗೆ ತೆಗೆದು ಪಕ್ಕಕ್ಕಿಟ್ಟಳು. ಒಳಗಿದ್ದ ವಡೆಯನ್ನು ಎರಡು ಮಾಡಿ ಒಂದನ್ನು ನನಗೆ, ಒಂದನ್ನು ಸಿಂಚನಳಿಗೆ ಬಡಿಸಿದಳು. ಟೊಮೆಟೊ ಬಿಲ್ಲೆ ಮಗಳಿಗೆ, ಈರುಳ್ಳಿ ನನಗೆ, ಏಕೆಂದರೆ ಚಿಕ್ಕಂದಿನಲ್ಲಿ ನನಗೆ ಈರುಳ್ಳಿಯೆಂದರೆ ಪ್ರಾಣ. "ನೀವು ಉಣ್ರಿ. ನಂದು ಆಮ್ಯಾಕೆ ಆಯ್ತದೆ" ಎಂದು ಬರೀ ಬನ್ನು ಮುಂದಿಟ್ಟುಕೊಂಡು ನಮ್ಮ ಬಾಯಿಯನ್ನೇ ನೋಡುತ್ತ ಕೂತಳು. ಸಿಂಚನಳಿಗೆ ನಗು ಬಂತು. ನನಗೆ ಮಾತ್ರ ಸಿಟ್ಟೇ ಬಂತು.

ಇನ್ನೊಂದು ತರಿಸಿದೆ. ಅಷ್ಟರಲ್ಲಿ ನಾವಿಬ್ಬರೂ ತಿಂದು ಮುಗಿಸಿ ಖಾಲಿ ತಟ್ಟೆಗಳನ್ನು ಅವಳಿಗೆ ತೋರಿಸಿದೆವು. ಇನ್ನು ಯಾರಿಗೂ ಬಡಿಸುವಂತಿರಲಿಲ್ಲ. ಅಕ್ಕ ಅತ್ತಿತ್ತ ನೋಡಿ, ಪರೀಕ್ಷೆಗೆ ಕೂತವಳಂತೆ ಸಂಕೋಚಪಟ್ಟು, ಒಂದು ತುತ್ತು ಕಚ್ಚಿದಳು. ನಾನು ಕಣ್ಣು ತುಂಬ ನೋಡಿದೆ. ನೋಡನೋಡುತ್ತ ಏನೋ ಸರಿಯಿಲ್ಲ ಎನ್ನಿಸಿತು. ಅವಳು ತುತ್ತನ್ನು ನಾಲಿಗೆಯಿಂದ ಎಡಗೆನ್ನೆಗೆ ತಳ್ಳಿ, ಅಲ್ಲೇ ಬಹಳ ಹೊತ್ತು ಅರೆಯುತ್ತಿದ್ದಳು. ಬಲಗೆನ್ನೆ ಅಲುಗುತ್ತಲೇ ಇರಲಿಲ್ಲ.

"ಯಾಕಕ್ಕಾ, ಆ ಕಡೆ ನೋವಾ?" ಎಂದೆ.

"ನೋಯಾಕೆ ಹಲ್ಲೆಲ್ಲೈತೆ? ದವಡೆ ಹಲ್ಲು ಓಗಿ ಯಾವ ಕಾಲ ಆಯ್ತು. ಸಿಂಚು ಹುಟ್ಟಿದ ವರ್ಸ ಕೀಳಿಸಿದ್ದು."

ಸಿಂಚನಳಿಗೆ ಈಗ ಇಪ್ಪತ್ನಾಲ್ಕು.

"ಒಂದು ಮಾತು ಹೇಳಬಾರದಿತ್ತಾ?"

"ಏಳೋಕೇನೈತೆ? ಮುದ್ದೆ ನುಂಗೋಕೆ ಹಲ್ಯಾಕ್ಲಾ?"

ನನ್ನ ತಪ್ಪು ಹುಡುಕಲು ಅವಳಿಗೆ ಆಗಲೂ ಮನಸ್ಸಿರಲಿಲ್ಲ. ನನ್ನ ಮುಖ ನೋಡಿ, ಊಟ ಸಾಲಲಿಲ್ಲವೇನೋ ಎಂದು ತನ್ನ ತಟ್ಟೆಯನ್ನೇ ನನ್ನ ಕಡೆ ಸರಿಸಿದಳು. ನಾಚಿಕೆಯಾಯಿತು. ಅವಳ ಊಟ ನೋಡುವುದನ್ನು ನನಗೊಂದು ಸಂತೋಷವೆಂದು ಎಣಿಸಿದ್ದೆನೇ ಹೊರತು, ನೋಡಬೇಕಾದದ್ದು ನನ್ನ ಕರ್ತವ್ಯವಾಗಿತ್ತೆಂದು ಇಷ್ಟು ವರ್ಷ ಹೊಳೆದಿರಲೇ ಇಲ್ಲ. ಕೈ ಒರೆಸಿಕೊಂಡು ಆ ಬರ್ಗರನ್ನು, ಬನ್ನು, ವಡೆ, ಸೊಪ್ಪು ಎಲ್ಲ ಸೇರುವ ಹಾಗೆ ಸಣ್ಣ ಸಣ್ಣ ತುತ್ತುಗಳಾಗಿ ಮುರಿದು ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಅಕ್ಕ ಮೊದಲ ತುತ್ತೆತ್ತಿ ನನ್ನ ಬಾಯ ಹತ್ತಿರ ತಂದಳು. ನಾನು ಬೇಡವೆಂದು ತಲೆಯಾಡಿಸಿದೆ. ಒಂದು ಗಳಿಗೆ ಕೈ ಅಲ್ಲೇ ನಿಂತಿತ್ತು. ಆಮೇಲೆ ಅದನ್ನು ತನ್ನ ಬಾಯಿಗೇ ಹಾಕಿಕೊಂಡು, ಎಡಗಡೆ ಮೆಲ್ಲಗೆ ಅಗಿದು, ಸ್ವಲ್ಪ ಆಶ್ಚರ್ಯದಿಂದ, "ಬಿಸಿಯಾಗೈತೆ ಕಣ್ಲಾ" ಎಂದಳು.