ಚಿಗುಸಾ ಮಾಡಿದ ಹಿಪ್ಪುನೇರಳೆ ಎಲೆ

ನಾನು ಕಲ್ಲಿನವಳು. ಕೋಫು ಊರಿನ ನಮ್ಮ ಓಣಿಯಲ್ಲಿ ಅಜ್ಜನ ಕಾಲದಿಂದ ಸ್ಫಟಿಕ ಅರೆದು ಬದುಕಿದ ಮನೆ ನಮ್ಮದು. ಎದುರು ಮನೆಯ ಅಮೆಮಿಯಾದವರು ಲೋಹದವರು. ಕಲ್ಲಿನವರಿಗೂ ಲೋಹದವರಿಗೂ ಎಣ್ಣೆ ಸೀಗೆಕಾಯಿ ಎಂದು ಹೊರಗಿನವರು ಹೇಳುವುದುಂಟು. ಅದೆಲ್ಲ ಸುಳ್ಳು. ಹಗಲೆಲ್ಲ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತೇವೆ, ಹೊತ್ತು ಮುಳುಗಿದ ಮೇಲೆ ಕುಂಬಳಕಾಯಿ ಹಾಕಿದ ಹೋತೋ ಶಾವಿಗೆಯನ್ನು ಒಂದೇ ಪಾತ್ರೆಯಿಂದ ಬಡಿಸಿಕೊಂಡು ತಿನ್ನುತ್ತೇವೆ. ಹಾಗಾಗಿ ಆ ಮನೆಯ ಸೊಸೆ ಚಿಗುಸಾಳ ವಿಷಯ ಹೇಳಲು ನನಗಿಂತ ಹೆಚ್ಚಿನ ಹಕ್ಕು ಯಾರಿಗೂ ಇಲ್ಲ. ಯಾರಾದರೂ ಇದ್ದರೆ ಬಂದು ಜಗಳವಾಡಲಿ.

ಚಿಗುಸಾ ಇಚಿನೊಮಿಯಾದ ಪೀಚ್ ತೋಟದಲ್ಲಿ ಬೆಳೆದವಳು. ಗಂಡ ಊರಿನ ಬಸ್ಸು ಓಡಿಸುತ್ತಾನೆ. ಒಳ್ಳೆಯ ಹುಡುಗ, ಆದರೆ ಅಪ್ಪನ ಕಸುಬಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮಾವ ಸೇಗೊ ಆಯಸ್ಸೆಲ್ಲ ಪ್ಲಾಟಿನಂ ಕಾಯಿಸಿದವನು, ತೋಕಿಯೊದ ಅಂಗಡಿಗಳಿಗೆ ಮದುವೆಯ ಉಂಗುರ ಮಾಡಿಕೊಟ್ಟವನು. ಹೆಂಡತಿ ತೀರಿಕೊಂಡ ಮೇಲೆ ಅವನ ಲೋಕವೆಂದರೆ ಕೆಲಸದ ಮಣೆ. ಬೆಳಗಾದರೆ ಅದರ ಮುಂದೆ ಕೂರುತ್ತಿದ್ದ, ಅಲ್ಲೇ ಊಟ, ಅಲ್ಲೇ ತೂಕಡಿಕೆ, ಬೈಗುಳವೂ ಅಲ್ಲಿಂದಲೇ.

ಮದುವೆಯಾಗಿ ಬಂದ ಹೊಸದರಲ್ಲಿ ಚಿಗುಸಾ ಅವನಿಗೆ ಚಹಾ ಕೊಡಲು ಹೋಗಿದ್ದಳು. ಕೈ ಖಾಲಿಯಿಲ್ಲದ ಸೇಗೊ ಒಂದು ತುಂಡು ಪ್ಲಾಟಿನಂ ಅವಳ ಅಂಗೈಯಲ್ಲಿಟ್ಟ. ಅವಳ ಕೈ ಕೆಳಕ್ಕೆ ಜಗ್ಗಿತು.

"ಇಷ್ಟು ಚಿಕ್ಕದು ಇಷ್ಟು ಭಾರನಾ ಮಾವ?"

"ಮತ್ತೇನು? ಒತ್ತಿದ್ರೆ ರಸ ಬರೋಕೆ ಅದೇನು ನಿಮ್ಮಪ್ಪನ ತೋಟದ ಹಣ್ಣೇನೇ?"

ಮಾರನೆಯ ದಿನ ಅವಳು ಏಪ್ರನ್ ಜೇಬಿನಿಂದ ಸವರಿಹಾಕಿದ ಪೀಚ್ ಕಡ್ಡಿಯೊಂದನ್ನು ತೆಗೆದು ಮಣೆಯ ಮೇಲಿಟ್ಟಳು. ತುದಿಯಲ್ಲಿ ಬಿರಿಯದ ಮೊಗ್ಗು, ಬುಡದಲ್ಲಿ ಕತ್ತರಿಯ ಗಾಯ.

"ಇದನ್ನ ಮಾಡೋಕಾಗುತ್ತಾ?"

"ಪ್ಲಾಟಿನಂನಲ್ಲಿ ಯಾರಾದ್ರೂ ಸೌದೆ ಮಾಡ್ತಾರಾ?" ಎಂದು ಗದರಿದ ಸೇಗೊ. ಆದರೆ ಆ ಕಡ್ಡಿಯನ್ನು ಬಿಸಾಡಲಿಲ್ಲ. ಸಂಜೆಯವರೆಗೂ ಬೆರಳಲ್ಲಿ ತಿರುಗಿಸುತ್ತಲೇ ಇದ್ದ. ಹಾಗೆ ಶುರುವಾದದ್ದು ಅವರಿಬ್ಬರ ಕೆಲಸ.

ಎಲ್ಲರೂ ಚೆರಿ ಹೂವು, ಗುಲಾಬಿ ಎಂದು ಮಾಡುತ್ತಿದ್ದಾಗ ಚಿಗುಸಾ ಮಾಡಿದ್ದು ಯಾರೂ ತಿರುಗಿ ನೋಡದ ವಸ್ತುಗಳನ್ನು. ಮೊದಲ ಹಿಮಕ್ಕೆ ಬಾಗಿದ ಹುಲ್ಲು, ಸೀಳಿದ ಬೀಜದ ಅರ್ಧ, ಕೊಯ್ದ ದ್ರಾಕ್ಷಿ ಗೊಂಚಲಿನ ಬರೀ ತೊಟ್ಟು. ಎಲೆ ಕಿತ್ತ ತಕ್ಷಣ ಅವಳು ಅದರ ಚಿತ್ರ ಬರೆಯುತ್ತಿರಲಿಲ್ಲ. ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಯಾಕೆ ಎಂದು ಕೇಳಿದ್ದೆ.

"ಹಸಿರಾಗಿದ್ದಾಗ ಎಲ್ಲಾ ಎಲೆನೂ ಚೆಂದಾನೇ ಅಜ್ಜಿ. ಬಾಡಿದ್ ಮೇಲೆ ಅದರ ಮೂಳೆ ಕಾಣುತ್ತೆ."

ತೋಕಿಯೊದ ಒಂದು ಚಿಕ್ಕ ಅಂಗಡಿಯವರು ಅವನ್ನೆಲ್ಲ ಕೇಳಿ ಕೇಳಿ ತರಿಸಿಕೊಳ್ಳತೊಡಗಿದರು. ಚಿತ್ರ, ಕೊರೆತ, ಅರದಿಂದ ಉಜ್ಜುವುದು ಎಲ್ಲವೂ ಅವಳದು. ಬೆಂಕಿ ಮಾತ್ರ ಸೇಗೊನದು. ಒಲೆಗೆ ಇಬ್ಬರು ಯಜಮಾನರಿದ್ದರೆ ಅನ್ನ ಸೀಯುತ್ತದೆ ಎನ್ನುತ್ತಿದ್ದ. ಪ್ಲಾಟಿನಂ ಕರಗುವ ಬೆಂಕಿ ಎಂದರೆ ಕಣ್ಣು ಕುಕ್ಕುವ ಬಿಳಿ, ಬರಿಗಣ್ಣಲ್ಲಿ ನೋಡುವಂಥದ್ದಲ್ಲ. ಈ ಮಹರಾಯ ಕಪ್ಪು ಕನ್ನಡಕವನ್ನೇ ಹಾಕುತ್ತಿರಲಿಲ್ಲ. ನಾನು ಹೇಳಿ ಹೇಳಿ ಸೋತೆ.

ಇಸಾವಾದಲ್ಲಿ ಬಿಸಿನೀರಿನ ಬುಗ್ಗೆಯ ಹತ್ತಿರ ಛತ್ರ ನಡೆಸುವ ಹೊಸಾಕಾ ಅಮ್ಮನವರು ಬಂದದ್ದು ಒಂದು ವರ್ಷ ಚಳಿಗಾಲಕ್ಕೆ ಮುಂಚೆ. ಮಗಳ ಮದುವೆಯ ದಿನ ಕಿಮೊನೊದ ನಡುಪಟ್ಟಿಯ ಮೇಲೆ ಧರಿಸಲು ಅವರಿಗೊಂದು ಒಡವೆ ಬೇಕಿತ್ತು. ಅವರ ಅತ್ತೆ ರೇಷ್ಮೆ ಹುಳ ಸಾಕಿ ಆ ಮನೆಯನ್ನು ನಿಲ್ಲಿಸಿದವರು. ಆದ್ದರಿಂದ ಹಿಪ್ಪುನೇರಳೆ ಎಲೆಯೇ ಆಗಬೇಕು ಎಂದರು. ಚಿಗುಸಾಳ ಮುಖ ಅರಳಿತು. ತೆಳುವಾದ ತಗಡನ್ನು ಎಲೆಯಾಗಿ ಬಾಗಿಸಿ, ಕೂದಲೆಳೆಯಂಥ ತಂತಿಗಳನ್ನು ನರಗಳಾಗಿ ಬೆಸೆಯುವುದೆಂದು ಮಾವ ಸೊಸೆ ನಿಶ್ಚಯಿಸಿದರು.

ಲೋಹದವರ ಮನೆಯಲ್ಲಿ ಒಂದು ಕಟ್ಟುನಿಟ್ಟಿದೆ. ಚಿನ್ನ ಉಜ್ಜಿದ ಅರವನ್ನು ಪ್ಲಾಟಿನಂಗೆ ತಾಗಿಸಬಾರದು. ಚಿನ್ನದ ಅರಗಳ ಹಿಡಿಗೆ ಹಳದಿ ಬಣ್ಣ, ಪ್ಲಾಟಿನಂ ಅರಗಳಿಗೆ ಬಿಳಿ. ಒಂದರ ಪುಡಿ ಇನ್ನೊಂದರ ಮೇಲೆ ಉಳಿದು ಬೆಂಕಿ ಕಂಡರೆ ಕೆಲಸವೆಲ್ಲ ಹಾಳು. ಅದರಲ್ಲೂ ಸೀಸ ಸೇರಿದರೆ ಪ್ಲಾಟಿನಂಗೆ ವಿಷವೇ.

ಎಲೆಗೆ ನರ ಬೆಸೆಯಬೇಕಿದ್ದ ದಿನ ಬೆಳಗ್ಗೆ ನನ್ನ ಸರದ ಚಿನ್ನದ ಕೊಂಡಿ ಮುರಿದಿತ್ತು. ಹಿಂದೆಂದೋ ಯಾವನೋ ಅದಕ್ಕೆ ಸೀಸದ ತೇಪೆ ಹಾಕಿದ್ದ. ಸೇಗೊ ಅದನ್ನು ನೋಡಿ ನಕ್ಕು, ಹರಟೆ ಹೊಡೆಯುತ್ತಲೇ ಉಜ್ಜಿ ಸರಿ ಮಾಡಿಕೊಟ್ಟ. ಮಧ್ಯಾಹ್ನ ಚಿಗುಸಾ ಬಿಳಿ ಹಿಡಿಯ ಅರದಿಂದ ಎಲೆಯನ್ನು ಉಜ್ಜಿ ಹದ ಮಾಡಿದಳು. ಸೇಗೊ ನರಗಳನ್ನಿಟ್ಟು ಬೆಂಕಿ ಹಿಡಿದ. ನಾನು ಅಲ್ಲೇ ಮೂಲಂಗಿ ಉಪ್ಪಿನಕಾಯಿ ಕಡಿಯುತ್ತ ಕೂತಿದ್ದೆ. ಚಿಟ್ ಎಂದು ಒಂದು ಸದ್ದಾಯಿತು. ನೋಡುತ್ತಿದ್ದಂತೆ ಎಲೆಯ ಮೇಲೆ ಗುಂಡಿ ಬಿದ್ದವು. ಅವುಗಳಲ್ಲಿ ಕೆಲವು ತೂತೇ ಆದವು.

"ಯಾವ ಅರ ಮುಟ್ಟಿದ್ದೆ?" ಸೇಗೊ ಗುಡುಗಿದ. "ಕಣ್ಣು ಎಲ್ಲಿಟ್ಟಿದ್ದೆ? ಇಷ್ಟು ವರ್ಷ ಕಲಿಸಿದ್ದು ನೀರಲ್ಲಿ ಹೋಮ ಆಯ್ತಲ್ಲೇ!"

ಚಿಗುಸಾ ಬಿಳಿ ಅರವನ್ನು ಬೆಳಕಿಗೆ ಹಿಡಿದಳು. ಹಲ್ಲುಗಳ ಸಂದಿಯಲ್ಲಿ ಹಳದಿ ಪುಡಿ ಮಿನುಗುತ್ತಿತ್ತು. ಅವಳು ಆ ವಾರವೆಲ್ಲ ಚಿನ್ನವನ್ನು ಮುಟ್ಟಿಯೇ ಇರಲಿಲ್ಲ. ನನ್ನನ್ನು ನೋಡಿದಳು. ನಾನು ನನ್ನ ಕೊಂಡಿಯನ್ನು ಮುಟ್ಟಿಕೊಂಡೆ. ಬೆಳಗ್ಗೆ ಅವನು ಹಳದಿ ಎಂದುಕೊಂಡು ಬಿಳಿಯನ್ನೇ ಎತ್ತಿಕೊಂಡಿದ್ದ. ಅವನ ಕಣ್ಣಿಗೆ ಎರಡೂ ಒಂದೇ ಆಗಿದ್ದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ ಎಂದು ನನಗೆ ಮೈ ಉರಿಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಚಿಗುಸಾ ನನ್ನ ಮೊಣಕಾಲನ್ನು ಅದುಮಿದಳು.

"ತಪ್ಪಾಯ್ತು ಮಾವ," ಎಂದಳು.

ಅಂಗಳಕ್ಕೆ ಬಂದ ಮೇಲೆ ನಾನು ಬಿಡಲಿಲ್ಲ. "ನಿಂಗೇನು ನಾಲಿಗೆ ಬಿದ್ದೋಗಿತ್ತೇನೇ? ಮಾಡಿದ್ದು ಅವನು, ಬೈಸ್ಕೊಂಡಿದ್ದು ನೀನು."

"ಹೇಳಿದ್ರೆ ಮಣೆ ಬಿಟ್ಟು ಎದ್ದುಬಿಡ್ತಾರೆ ಅಜ್ಜಿ. ಅವ್ರ ಸ್ವಭಾವ ನಿಮ್ಗೊತ್ತಲ್ಲ. ಒಂದ್ಸಲ ಎದ್ರೆ ಮತ್ತೆ ಕೂರಲ್ಲ. ಕೂರ್ದೇ ಹೋದ್ರೆ ಬದುಕಲ್ಲ. ಅತ್ತೆ ಹೋದ್ಮೇಲೆ ಅವ್ರಿಗೆ ಇರೋದು ಅದೊಂದೇ."

"ಹಾಗಂತ ನೀನು ದಿನಾ ಬೈಸ್ಕೋತೀಯಾ?"

"ಬೈಗುಳಕ್ಕೆ ಮೈ ತೂತು ಬೀಳಲ್ಲ ಬಿಡಿ," ಎಂದು ನಕ್ಕಳು. ಕಣ್ಣಲ್ಲಿ ಮಾತ್ರ ನಗೆಯಿರಲಿಲ್ಲ.

ಮಾರನೆಯ ದಿನ ಕೆಲಸ ಎಲ್ಲಿಗೆ ಬಂತೆಂದು ನೋಡಲು ಹೊಸಾಕಾ ಅಮ್ಮನವರು ಬಂದರು. ಕೆಟ್ಟ ಎಲೆಯನ್ನು ಕಂಡು ಎರಡೂ ಕೈ ಕೆನ್ನೆಗಿಟ್ಟುಕೊಂಡರು. "ಅಯ್ಯೋ, ಎಷ್ಟು ಚೆನ್ನಾಗಿದೆ! ಹುಳ ತಿಂದ ಹಾಗೇ ಇದೆ! ನನಗೆ ಇದೇ ಸಾಕು ಅಮೆಮಿಯಾ ಸಾನ್."

ಬೇರೆ ಯಾರಾದರೂ ಆಗಿದ್ದರೆ ಹೌದೆಂದು ತಲೆಯಾಡಿಸಿ, ಚಹಾ ಕೊಟ್ಟು ಕಳಿಸುತ್ತಿದ್ದರು. ಸೇಗೊ ಎಲೆಯನ್ನು ಕಿತ್ತುಕೊಂಡು ಒಡಲಿಗೆ ಒತ್ತಿಕೊಂಡ. "ಇದು ಹುಳ ತಿಂದಿದ್ದಲ್ಲಮ್ಮ, ಕಾಯಿಲೆ. ಇವತ್ತು ತೂತು, ನಾಳೆ ಬಿರುಕು. ಮದುವೆ ಮನೇಲಿ ನಿಮ್ಮ ನಡುವಿನ ಮೇಲೆ ಮುರಿದು ಬಿದ್ರೆ ನಾನು ಯಾವ ಮುಖ ಹೊತ್ಕೊಂಡು ಓಡಾಡ್ಲಿ? ಬೇರೆ ಮಾಡಿಕೊಡ್ತೀನಿ." ಎಷ್ಟು ಕೋಪವಿದ್ದರೂ ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಗೌರವ ಬಂತು. ಅವರು ಹೋದ ಮೇಲೆ ಸೊಸೆಯ ಕಡೆ ತಿರುಗಿ, "ಈ ಸಲ ನೀನು ಅರ ಮುಟ್ಟಬೇಡ, ಎಲ್ಲಾ ನಾನೇ ಮಾಡ್ತೀನಿ" ಎಂದ. ಬಂದ ಗೌರವ ಅಲ್ಲೇ ಹೋಯಿತು.

ಈಗ ಚಿಗುಸಾ ಇಕ್ಕಟ್ಟಿಗೆ ಸಿಕ್ಕಿದಳು. ಅವನೊಬ್ಬನೇ ಮಾಡಿದರೆ ಮತ್ತೆ ಅರ ತಪ್ಪುತ್ತದೆ, ಎಲೆ ಮತ್ತೆ ಕೆಡುತ್ತದೆ, ತಪ್ಪು ತನ್ನದೇ ಎಂದು ಅವನಿಗೆ ತಿಳಿಯುತ್ತದೆ. ಬಾಯಿಬಿಟ್ಟು ಹೇಳಿದರೂ ತಿಳಿಯುತ್ತದೆ. ಎರಡರಲ್ಲಿ ಯಾವುದಾದರೂ ಅವನು ಮಣೆ ಬಿಡುವುದು ಖಂಡಿತ. ಹಗಲೆಲ್ಲ ಯೋಚಿಸಿದಳು. ಸಂಜೆ ನೋಡುತ್ತೇನೆ, ಕೆಟ್ಟ ಬಿಳಿ ಅರವನ್ನು ಬೇರೆ ಎತ್ತಿಟ್ಟು, ಚಿನ್ನದ ಅರಗಳ ಹಿಡಿಗೆಲ್ಲ ಒರಟಾದ ಸೆಣಬಿನ ದಾರವನ್ನು ದಪ್ಪಗೆ ಸುತ್ತುತ್ತ ಕೂತಿದ್ದಾಳೆ.

"ಏನಿದು ಅವತಾರ?" ಸೇಗೊ ಕೇಳಿದ.

"ನನಗೇ ಬಣ್ಣ ತಪ್ಪುತ್ತಲ್ಲ ಮಾವ. ದಾರ ಇದ್ರೆ ಕೈಗೆ ಗೊತ್ತಾಗುತ್ತೆ."

"ಕಣ್ಣಿದ್ದೂ ಕುರುಡಿ ನೀನು," ಎಂದು ಅವನು ನಕ್ಕ. ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಅಲ್ಲಿರಲಾಗದೆ ಎದ್ದು ಮನೆಗೆ ಬಂದೆ.

ದಾರ ಕೆಲಸ ಮಾಡಿತು. ಅರ ತಪ್ಪಲಿಲ್ಲ. ಸೇಗೊ ಹೊಸ ತಗಡನ್ನು ಬಾಗಿಸಿದ, ಅಂಚು ಉಜ್ಜಿದ. ನರದ ತಂತಿ ಇಡುವ ಹೊತ್ತಿಗೆ ಮಾತ್ರ ತಡವರಿಸತೊಡಗಿದ. ಒಂದೊಂದು ತಂತಿಯನ್ನೂ ಇಟ್ಟು, ತೆಗೆದು, ಮತ್ತೆ ಇಡುತ್ತಿದ್ದ. ಬೆಂಕಿಗೆ ಇವತ್ತು ಬೇಡ, ಗಾಳಿ ಸರಿಯಿಲ್ಲ ಎನ್ನುತ್ತಿದ್ದ. ಮುಚ್ಚಿದ ಕೋಣೆಗೆ ಎಲ್ಲಿಯ ಗಾಳಿ? ಒಂದು ಬೆಳಗ್ಗೆ ಒಳ್ಳೆಯ ಕೋಟು ಹಾಕಿಕೊಂಡು ಯಾರಿಗೂ ಹೇಳದೆ ಹೊರಗೆ ಹೋದ. ಮಧ್ಯಾಹ್ನ ತಿರುಗಿ ಬಂದವನು ಕೋಟನ್ನೂ ಬಿಚ್ಚದೆ ಮಣೆಯ ಮುಂದೆ ಕೂತ. ನಾನು ಎಂದಿನಂತೆ ಅಲ್ಲೇ ಇದ್ದೆ. ಈ ಓಣಿಯಲ್ಲಿ ನಾನಿಲ್ಲದೆ ಏನೂ ನಡೆಯುವುದಿಲ್ಲ.

"ಚಿಗುಸಾ, ಇಲ್ಲಿ ಬಾ. ಕಣ್ಣಾಸ್ಪತ್ರೆಗೆ ಹೋಗಿದ್ದೆ. ಪೊರೆ ಬಂದಿದೆ, ಅದಕ್ಕೇ ಬಿಳಿ ಎಲ್ಲಾ ಹಳದಿಯಾಗಿ ಕಾಣುತ್ತೆ ಅಂದ್ರು. ಅದನ್ನ ತೆಗೀಬಹುದಂತೆ. ಅದರ ಹಿಂದೆ ಕಣ್ಣಿನೊಳಗೆ ಬೆಂಕಿ ಸುಟ್ಟಿರೋದನ್ನ ಮಾತ್ರ ಸರಿ ಮಾಡೋಕಾಗಲ್ವಂತೆ."

ಚಿಗುಸಾ ಬಂದು ಅವನ ಎದುರು ಕೂತಳು.

"ಆ ಅರ ಕೆಡಿಸಿದ್ದು ನಾನು," ಎಂದ ಸೇಗೊ. ಎರಡೂ ಕೈ ನೆಲಕ್ಕೂರಿ, ಹಣೆ ಚಾಪೆಗೆ ತಾಗುವ ಹಾಗೆ ಸೊಸೆಯ ಮುಂದೆ ಬಗ್ಗಿದ. "ಇಷ್ಟು ದಿನ ನಿನ್ನನ್ನ ಬೈದೆ. ಕುರುಡಿ ಅಂದೆ. ಕ್ಷಮಿಸು."

"ಮಾವ, ಬೇಡ ಮಾವ!" ಅವಳು ಅವನ ಭುಜ ಹಿಡಿದು ಎತ್ತಿದಳು.

ಜಗಳವಾಡುವುದನ್ನೇ ಕಲಿತ ನನಗೆ ಆಗ ಏನು ಮಾಡಬೇಕೆಂದು ತೋಚಲಿಲ್ಲ. ದುಃಖ ಉಕ್ಕಿ ಬಂದು ಮುಖವನ್ನು ಗೋಡೆಯ ಕಡೆ ತಿರುಗಿಸಿದೆ.

"ಇನ್ನು ಈ ಮಣೆ ನಿನ್ನದು. ನಾನು ಏಳ್ತೀನಿ," ಎಂದು ಅವನು ಮೊಣಕಾಲಿಗೆ ಕೈಯೂರಿದ.

"ಎಲೆ ಅರ್ಧಕ್ಕೆ ನಿಂತಿದೆ," ಎಂದಳು ಚಿಗುಸಾ ಗಟ್ಟಿಯಾಗಿ. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನನಗೆ ಬೆಂಕಿ ಕಲಿಸಿಲ್ಲ ನೀವು. ಯಾವಾಗ ತೆಗೀಬೇಕು ಅಂತ ಯಾರು ಹೇಳ್ತಾರೆ?"

"ಕಾಣದವನು ಏನಂತ ಹೇಳ್ಲಿ?"

"ನನಗೆ ಕಂಡಿದ್ದನ್ನ ನಾನು ಹೇಳ್ತೀನಿ. ತೆಗಿ ಅಂತ ನೀವು ಹೇಳಿ."

ಸೇಗೊ ಊರಿದ ಕೈಯನ್ನು ಮೊಣಕಾಲಿನಿಂದ ತೆಗೆದ. ಕೊನೆಗೆ, "ಕಪ್ಪು ಕನ್ನಡಕ ಹಾಕ್ಕೊಂಡು ಕೂತ್ಕೋ. ನನ್ನ ಹಾಗೆ ಕತ್ತೆ ಆಗ್ಬೇಡ," ಎಂದ.

ನರದ ತಂತಿಗಳನ್ನು ಚಿಗುಸಾ ಒಂದೊಂದಾಗಿ ಇಟ್ಟಳು. ಬೆಂಕಿಕೊಳವೆ ಹಿಡಿದಳು. ಸೇಗೊ ಕಣ್ಣು ಮುಚ್ಚಿಕೊಂಡು ಅವಳ ಪಕ್ಕದಲ್ಲೇ ಕೂತಿದ್ದ.

"ಈಗ?"

"ಕೆಂಪಗಾಗಿದೆ."

"ಹಾಗೇ ಇರಲಿ ಬಿಡು. ಈಗ?"

"ಮಾಗಿದ ಕಾಕಿ ಹಣ್ಣಿನ ಕಿತ್ತಳೆ ಬಣ್ಣ. ಅಂಚು ಇನ್ನೂ ಮಂಕಾಗಿದೆ."

"ಬೆಂಕೀನ ಅಂಚಿಗೆ ತಿರುಗಿಸು. ನಿಧಾನ. ಈಗ?"

"ಬೆಳ್ಳಗಾಗ್ತಿದೆ ಮಾವ. ಪೂರ್ತಿ ಬೆಳ್ಳಗಾಯ್ತು. ಬೆಸುಗೆ ನೀರಾಗಿ ನರದ ಉದ್ದಕ್ಕೂ ಓಡ್ತಾ ಇದೆ."

ಸೇಗೊನ ತುಟಿ ಅಲುಗಿತು. ಮಾತು ಹೊರಡುವುದಕ್ಕೆ ಮುಂಚೆಯೇ ಚಿಗುಸಾ ಬೆಂಕಿಯನ್ನು ಹಿಂದಕ್ಕೆ ಎಳೆದುಬಿಟ್ಟಳು.

ಅಯ್ಯೋ ಪಾಪಿ, ಒಂದು ಉಸಿರು ಕಾಯಬಾರದಿತ್ತೇ ಎಂದುಕೊಂಡೆ. ಅವನನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿ, ನೀನು ಬೇಡ ಎಂದು ಅವಳ ಕೈಯೇ ಹೇಳಿದ ಹಾಗಾಯಿತು. ಅವಳಿಗೂ ತಿಳಿಯಿತು. ಮುಖ ಬಿಳಿಚಿಕೊಂಡಿತು.

"ನಾನಿನ್ನೂ ಹೇಳಿರಲಿಲ್ಲ," ಎಂದ ಸೇಗೊ.

"ಹೌದು ಮಾವ."

ಸೇಗೊ ಎಲೆ ಆರುವ ತನಕ ಕಾದ. ಆಮೇಲೆ ಅವನು ಅದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ನರ ನರವನ್ನೂ ತೊಟ್ಟಿನಿಂದ ತುದಿಯವರೆಗೆ ತಡವಿದ, ಉಗುರಿನಿಂದ ಮೀಟಿ ನೋಡಿದ. ಒಂದೂ ಅಲುಗಲಿಲ್ಲ.

"ನಾನು ಹೇಳೋವರೆಗೂ ಕಾದಿದ್ರೆ ಇದೂ ಹೋಗಿರೋದು," ಎಂದ. "ನನ್ನ ಬಾಯಿಗಿಂತ ನಿನ್ನ ಕೈ ಮುಂದಿದೆ."

ಅವನು ಏಳುತ್ತಾನೆಂದು ನಾನು ಕಾದೆ. ಚಿಗುಸಾ ಮಣೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸೇಗೊ ಎಲೆಯನ್ನು ಕೆಳಗಿಟ್ಟು, ಕೋಟು ಬಿಚ್ಚಿ ನನ್ನ ಕಡೆ ಎಸೆದ, ತೋಳು ಮಡಿಸಿಕೊಂಡ.

"ಮುಂದಿಂದು ಏನಿದೆ?"

"ದ್ರಾಕ್ಷಿ ಬಳ್ಳಿ ಕುಡಿ," ಎಂದಳು ಅವಳು, ಕೇಳಿಯೂ ಕೇಳಿಸದ ಹಾಗೆ.

"ಕಿತ್ಕೊಂಡು ಬಾ. ಮುಟ್ಟಿ ನೋಡ್ತೀನಿ. ಸುರುಳಿ ಸುತ್ತೋದು ನಿನಗೆ ಇನ್ನೂ ಬರಲ್ಲ, ಅದಕ್ಕೆ ಬೆರಳು ಬೇಕು."

ಅವಳು ಹಿತ್ತಿಲಿಗೆ ಓಡಿದಳು. ಎಷ್ಟು ಹೊತ್ತಾದರೂ ಬಾರದಿದ್ದಾಗ ಹೋಗಿ ನೋಡಿದೆ. ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬಳ್ಳಿಯನ್ನು ಇನ್ನೂ ಮುಟ್ಟಿರಲಿಲ್ಲ.

"ಎಲ್ಲೋದ್ಲು ಇವಳು?" ಒಳಗಿನಿಂದ ಸೇಗೊ ಕೂಗಿದ. "ಬೇಗ ಬಾರೇ, ಕೂತು ಕೂತು ಕಾಲು ಜೋಮು ಹಿಡೀತು!"

ಆದರೂ ಅವನು ಏಳಲಿಲ್ಲ.